ಮನೆಯ ಅಳತೆಯೂ ಮನೆಮಂದಿಯ ಅಳತೆಯೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯು ಹುಟ್ಟಿದ ಕಾಲದಲ್ಲಿ ಮನೆಯನ್ನು ಕಟ್ಟಿಸತಕ್ಕವನು ಗೃಹಸ್ಥನೇ ಆಗಿದ್ದನು. ನಿವೇಶನದಲ್ಲಿ ನಿಂತು, ಇಲ್ಲಿ ಅಡುಗೆಮನೆ, ಅಲ್ಲಿ ದೇವರಮನೆ ಎಂದು ಸುಣ್ಣದ ಗೆರೆಯನ್ನೆಳೆಸಿ, ತನ್ನ ಸಂಸಾರಕ್ಕೆ ತಕ್ಕ ಅಳತೆಯನ್ನು ತಾನೇ ಗೊತ್ತುಮಾಡುತ್ತಿದ್ದನು. ಈಗ ಬೆಂಗಳೂರಿನಂತಹ ನಗರದಲ್ಲಿ ಸಂಬಳದಿಂದ ಜೀವಿಸುವವನಿಗೆ ಆ ಅವಕಾಶವು ವಿರಳವಾಗಿದೆ. ಮನೆಗಳು ಮೊದಲೇ ಕಟ್ಟಿಯಾಗಿರುತ್ತವೆ, ಇಲ್ಲವೇ ನಕ್ಷೆಯಲ್ಲಿ ಸಿದ್ಧವಾಗಿರುತ್ತವೆ. ಅವುಗಳಲ್ಲೊಂದನ್ನು ಆರಿಸಿಕೊಳ್ಳುವುದಷ್ಟೇ ನಮ್ಮ ಪಾಲಿಗೆ ಉಳಿದ ಕೆಲಸ. ಆದಕಾರಣ, ಅಪಾರ್ಟ್‌ಮೆಂಟಿನಲ್ಲಿ ಎಷ್ಟು ದೊಡ್ಡ ಮನೆಯನ್ನು ತೆಗೆದುಕೊಂಡರೆ ಯುಕ್ತವೆಂಬುದನ್ನು ಈ ತಿಂಗಳು ಸ್ವಲ್ಪ ವಿಚಾರಮಾಡೋಣ.

ಗೃಹವೆಂಬ ಶಬ್ದವು ಸಂಸ್ಕೃತದ ‘ಗ್ರಹ್’ ಧಾತುವಿನಿಂದ ಬಂದುದು. ಆ ಧಾತುವಿಗೆ ಹಿಡಿ, ಸ್ವೀಕರಿಸು ಎಂದರ್ಥ. ತನ್ನವರನ್ನೆಲ್ಲ ಒಳಕ್ಕೆ ತೆಗೆದುಕೊಳ್ಳುವುದು ಗೃಹವೆಂದು ನಾವು ಇಟ್ಟುಕೊಳ್ಳಬಹುದು. ಆದರೆ ಎಷ್ಟು ದೊಡ್ಡದಿರಬೇಕೆಂಬ ಪ್ರಶ್ನೆ ಬಂದಾಗ ಪ್ರಾಚೀನರು ಬೇರೊಂದು ಲೆಕ್ಕವನ್ನು ಹಿಡಿದುದುಂಟು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಮನೆಗಳ ಅಳತೆಯನ್ನು ಪದವಿಗೆ ತಕ್ಕಂತೆ ಹೇಳಿದ್ದಾನೆ: ರಾಜನ ಉತ್ತಮ ಗೃಹಕ್ಕೆ 108 ಮೊಳ ಅಗಲ, ಸೇನಾಪತಿಯದಕ್ಕೆ 64 ಮೊಳ, ಹೀಗೆ ಇಳಿಯುತ್ತ ಹೋಗುತ್ತದೆ. ರಾಜರು ಹೋದರೂ ಆ ಲೆಕ್ಕವು ನಮ್ಮ ಮನಸ್ಸಿನಿಂದ ಹೋಗಿಲ್ಲ. ಇಂತಹ ಉದ್ಯೋಗದಲ್ಲಿರತಕ್ಕವರಿಗೆ ಎರಡು ಮಲಗುವ ಕೋಣೆಗಳ ಮನೆ ಶೋಭಿಸದು, ಮೂರಾದರೂ ಬೇಕು ಎಂದು ಬಂಧುಗಳೂ ಹೇಳುತ್ತಾರೆ, ಮಾರುವವರೂ ಹೇಳುತ್ತಾರೆ. ಪದವಿಯನ್ನು ಅಳೆಯುವುದನ್ನು ಬಿಟ್ಟು, ಮನೆಯೊಳಗೆ ಯಾರು ಯಾರು, ಯಾವ ಯಾವ ಹೊತ್ತಿನಲ್ಲಿ, ಏನು ಮಾಡುತ್ತಿರುತ್ತಾರೆಂಬುದನ್ನು ಅಳೆಯಬೇಕೆಂದು ನನ್ನ ಅಭಿಪ್ರಾಯ.

ಹಳೆಯ ಬೆಂಗಳೂರಿನ ವಠಾರಗಳಲ್ಲಿ ಎರಡು ಸಣ್ಣ ಕೋಣೆಗಳೊಳಗೆ ಆರೇಳು ಮಂದಿ ಸುಖವಾಗಿ ಬಾಳಲಿಲ್ಲವೇ, ಈಗೇಕೆ ಇಷ್ಟು ವಿಚಾರ ಎಂದು ಕೆಲವರು ಆಕ್ಷೇಪಿಸಬಹುದು. ಬಾಳಿದರು, ನಿಜ. ಆದರೆ ವಠಾರದ ಮನೆಯ ಅರ್ಧಭಾಗವು ಮನೆಯ ಹೊರಗಿತ್ತೆಂಬುದನ್ನು ಮರೆಯಬಾರದು. ಅಕ್ಕಿಯನ್ನು ಹಸನುಮಾಡುವುದು ಅಂಗಳದಲ್ಲಿ, ಬಟ್ಟೆಯನ್ನು ಒಗೆಯುವುದು ಬಾವಿಯ ಬಳಿಯಲ್ಲಿ, ಅಜ್ಜನು ಬೆಳಗೂ ಸಂಜೆಯೂ ಕುಳಿತುಕೊಳ್ಳುವುದು ಜಗಲಿಯ ಮೇಲೆ. ಅಪಾರ್ಟ್‌ಮೆಂಟಿನಲ್ಲಿ ಮುಂಬಾಗಿಲನ್ನು ಮುಚ್ಚಿದೊಡನೆ ಒಳಗಿರುವುದಷ್ಟೇ ನಮ್ಮದು. ಹೊರಗಿನ ಓಣಿಯು ಲಿಫ್ಟಿಗೆ ಹೋಗುವ ದಾರಿಯೇ ಹೊರತು ಜಗಲಿಯಲ್ಲ. ಆದುದರಿಂದ ವಠಾರದ ಲೆಕ್ಕವನ್ನು ಇಲ್ಲಿಗೆ ತಂದರೆ ಮನೆಮಂದಿಗೆ ಕಷ್ಟವಾಗುವುದು.

ಮೊದಲನೆಯದಾಗಿ, ಮನೆಯ ನಿಜವಾದ ಅಳತೆಯನ್ನು ತಿಳಿಯತಕ್ಕದ್ದು. ನೂರು ಚದರಡಿಗೆ ಒಂದು ಚದರವೆಂಬುದು ನಮ್ಮ ಮೇಸ್ತ್ರಿಗಳ ಮಾತು. ಮಾರುವವರು ಹನ್ನೆರಡೂವರೆ ಚದರದ ಮನೆಯೆಂದರೆ, ಅದು ಬಹುಮಟ್ಟಿಗೆ ಸೂಪರ್ ಬಿಲ್ಟ್‌ಅಪ್ ಎಂಬ ಲೆಕ್ಕ. ಮೆಟ್ಟಿಲು, ಲಿಫ್ಟು, ಓಣಿ ಮುಂತಾದ ಸಾಮಾನ್ಯ ಸ್ಥಳಗಳಲ್ಲಿ ನಮ್ಮ ಪಾಲೂ ಅದರಲ್ಲಿ ಸೇರಿರುತ್ತದೆ. ನೂರಕ್ಕೆ ಮೂವತ್ತು ಭಾಗ ಹೀಗೆ ಹೋಯಿತೆಂದು ಇಟ್ಟುಕೊಂಡರೆ, 1,250 ಚದರಡಿಯ ಮನೆಯೊಳಗೆ ನಮ್ಮ ಕಾಲು ತುಳಿಯುವ ನೆಲ 875 ಚದರಡಿ ಮಾತ್ರ. ಈ ಗೊಂದಲವನ್ನು ತೊಡೆಯುವುದಕ್ಕಾಗಿಯೇ, ಜನರು ರೇರಾ ಎಂದು ಕರೆಯುವ 2016ರ ಕೇಂದ್ರ ಕಾಯಿದೆಯು ಕಾರ್ಪೆಟ್ ಏರಿಯಾ ಎಂಬುದಕ್ಕೆ ಸ್ಪಷ್ಟವಾದ ಲಕ್ಷಣವನ್ನು ಹೇಳಿದೆ. ಹೊರಗೋಡೆಗಳು, ಕೊಳವೆಗಳಿಗಾಗಿ ಬಿಟ್ಟ ಕಿಂಡಿಗಳು, ಬಾಲ್ಕನಿ, ತೆರೆದ ತಾರಸಿ ಇವನ್ನೆಲ್ಲ ಬಿಟ್ಟು, ಒಳಗಿನ ಅಡ್ಡಗೋಡೆಗಳನ್ನು ಮಾತ್ರ ಸೇರಿಸಿಕೊಂಡು, ಉಪಯೋಗಕ್ಕೆ ಬರುವ ನೆಲವೇ ಕಾರ್ಪೆಟ್ ಏರಿಯಾ. ಎರಡು ಮನೆಗಳನ್ನು ಹೋಲಿಸುವಾಗ ಈ ಒಂದು ಅಂಕಿಯನ್ನೇ ಕೇಳಿ ಬರೆದುಕೊಳ್ಳಬೇಕು. ನೋಂದಾಯಿತ ಕರಾರಿಲ್ಲದೆ ಬೆಲೆಯ ನೂರಕ್ಕೆ ಹತ್ತು ಭಾಗಕ್ಕಿಂತ ಹೆಚ್ಚನ್ನು ಮುಂಗಡವಾಗಿ ಪಡೆಯಕೂಡದೆಂದೂ ಅದೇ ಕಾಯಿದೆಯು ವಿಧಿಸಿದೆ.

ಇನ್ನು ಕನಿಷ್ಠವೆಷ್ಟು? ಮನೆಯಲ್ಲಿ ವಾಸದ ಕೋಣೆಗಳು ಎರಡಿದ್ದರೆ ಒಂದು 9.5 ಚದರ ಮೀಟರಿಗೂ, ಅಂದರೆ ಸುಮಾರು 102 ಚದರಡಿಗೂ, ಮತ್ತೊಂದು 7.5 ಚದರ ಮೀಟರಿಗೂ, ಅಂದರೆ ಸುಮಾರು 81 ಚದರಡಿಗೂ ಕಡಿಮೆಯಿರಬಾರದೆಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ಹೇಳುತ್ತದೆ. ಅಡುಗೆಮನೆಗೆ 5 ಚದರ ಮೀಟರು. ಒಂದು ವಾಸದ ಕೋಣೆಗೆ ಮೂವರಿಗಿಂತ ಹೆಚ್ಚು ಮಂದಿಯಿದ್ದರೆ ಅದು ಇಕ್ಕಟ್ಟೆಂದು ವಿಶ್ವಸಂಸ್ಥೆಯ ವಸತಿ ವಿಭಾಗವು ಎಣಿಸುತ್ತದೆ. ಇವು ಕೆಳಗಿನ ಎಲ್ಲೆಗಳು. ಇವುಗಳ ಮೇಲೆ ಎಷ್ಟೆಂಬುದನ್ನು ಯಾವ ಸಂಹಿತೆಯೂ ಹೇಳಲಾರದು. ಅದನ್ನು ಗೃಹಸ್ಥನೇ ನಿರ್ಣಯಿಸಬೇಕು.

ಆ ನಿರ್ಣಯಕ್ಕೆ ನಾನು ಸೂಚಿಸುವ ಪರೀಕ್ಷೆಯು ಒಂದೇ: ಈ ಮನೆಯಲ್ಲಿ ಮುಚ್ಚಿಕೊಳ್ಳಲು ಬಾಗಿಲಿಲ್ಲದವರು ಯಾರು? ಗಂಡ, ಹೆಂಡತಿ, ಒಬ್ಬ ಮಗ, ಒಬ್ಬ ಮಗಳು, ಗಂಡನ ವೃದ್ಧ ತಾಯಿ, ಹೀಗೆ ಐವರ ಸಂಸಾರವನ್ನು ತೆಗೆದುಕೊಳ್ಳಿ. ಎರಡು ಮಲಗುವ ಕೋಣೆಗಳಿದ್ದರೆ ಒಂದು ದಂಪತಿಗಳಿಗೆ, ಒಂದು ಮಕ್ಕಳಿಗೆ ಎಂದು ಹಂಚಿಕೆಯಾಗಿ, ತಾಯಿಗೆ ನಡುಮನೆಯ ದಿವಾನವು ಉಳಿಯುತ್ತದೆ. ಆಕೆ ರಾತ್ರಿ ಎಂಟೂವರೆಗೆ ಮಲಗಬೇಕೆಂದರೆ ದೂರದರ್ಶನವು ಹತ್ತರವರೆಗೆ ನಡೆಯುತ್ತಿರುತ್ತದೆ. ಬೆಳಗ್ಗೆ ನಾಲ್ಕೂವರೆಗೆ ಎಚ್ಚರವಾದರೆ, ದೀಪ ಹಾಕಿದರೆ ಮಕ್ಕಳು ಏಳುವರೆಂದು ಕತ್ತಲೆಯಲ್ಲಿಯೇ ಕುಳಿತಿರುತ್ತಾಳೆ. ಯಾರಾದರೂ ಬಂದರೆ ಹಾಸಿಗೆಯನ್ನು ಮಡಿಸಿ ಅಡುಗೆಮನೆಯಲ್ಲಿ ನಿಲ್ಲುತ್ತಾಳೆ. ನನಗೇನೂ ಕಷ್ಟವಿಲ್ಲ ಮಗು ಎಂದು ಆಕೆ ಹೇಳುವುದು ಸಹಜ. ಆ ಮಾತನ್ನು ನಂಬಿ ಮನೆಯ ಅಳತೆಯನ್ನು ನಿಶ್ಚಯಿಸುವುದು ನ್ಯಾಯವಲ್ಲ. 2020ರ ಮಾರ್ಚಿಯಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಮನೆಯೇ ಪಾಠಶಾಲೆಯೂ ಕಚೇರಿಯೂ ಆಯಿತು; ಬಾಗಿಲಿಲ್ಲದೆ ಇರುವುದೆಂದರೇನೆಂಬುದು ಆಗ ದುಡಿಯುವವರಿಗೂ ತಿಳಿಯಿತು. ಮನೆಯ ವೃದ್ಧರಿಗೆ ಅದು ನಿತ್ಯದ ಅನುಭವ.

ಹಾಗಾದರೆ ಎಲ್ಲರೂ ಸಾಲಮಾಡಿ ಮೂರು ಕೋಣೆಗಳ ಮನೆಯನ್ನೇ ಕೊಳ್ಳಬೇಕೇ? ಇಲ್ಲಿ ಸ್ವಲ್ಪ ಗಣಿತವನ್ನು ಮಾಡಬೇಕು. ಮೂರನೆಯ ಕೋಣೆಯಿಂದ ಮನೆಯು 250 ಚದರಡಿ ಬೆಳೆಯಿತೆಂದೂ, ಚದರಡಿಗೆ 8,000 ರೂಪಾಯಿಯೆಂದೂ ಇಟ್ಟುಕೊಳ್ಳೋಣ. ಹೆಚ್ಚಿನ ಬೆಲೆ 20 ಲಕ್ಷ. ಅದನ್ನು ನೂರಕ್ಕೆ ಎಂಟೂವರೆ ಬಡ್ಡಿಯಂತೆ ಇಪ್ಪತ್ತು ವರ್ಷಗಳ ಸಾಲವಾಗಿ ಪಡೆದರೆ ತಿಂಗಳ ಕಂತು ಸುಮಾರು 17,356 ರೂಪಾಯಿ. ಒಟ್ಟು ತೀರಿಸುವುದು ನಲವತ್ತೊಂದೂವರೆ ಲಕ್ಷಕ್ಕೂ ಮೇಲೆ. ನಿರ್ವಹಣೆಯ ಶುಲ್ಕವು ಚದರಡಿಗೆ 4 ರೂಪಾಯಿಯಾದರೆ ಮತ್ತೆ 1,000. ಎಲ್ಲ ಸೇರಿ ವರ್ಷಕ್ಕೆ 2,20,000 ರೂಪಾಯಿಗಳಾದವು. ಈ ಕೋಣೆಯನ್ನು ಬಂದುಹೋಗುವ ನಂಟರಿಗೆಂದು ಇಟ್ಟು, ಅವರು ವರ್ಷಕ್ಕೆ ಇಪ್ಪತ್ತು ರಾತ್ರಿ ತಂಗಿದರೆ, ಒಂದೊಂದು ರಾತ್ರಿಗೆ 11,000 ರೂಪಾಯಿ ಬಿದ್ದಂತಾಯಿತು. ಅದೇ ಕೋಣೆಯಲ್ಲಿ ತಾಯಿಯು ವರ್ಷದ 365 ರಾತ್ರಿಗಳೂ ಮಲಗಿದರೆ ರಾತ್ರಿಗೆ ಸುಮಾರು 603 ರೂಪಾಯಿ. ಕೋಣೆಯೂ ಒಂದೇ, ಸಾಲವೂ ಒಂದೇ. ಅಲ್ಲಿ ವಾಸಿಸುವವರಿಂದ ಅದು ದುಬಾರಿಯೂ ಆಗುತ್ತದೆ, ಅಗ್ಗವೂ ಆಗುತ್ತದೆ. ಅತಿಥಿಸತ್ಕಾರವು ಧರ್ಮವೇ ಸರಿ. ಆದರೆ ಎರಡು ದಿನದ ಅತಿಥಿಗೆ ನಡುಮನೆಯಲ್ಲಿ ಹಾಸಿದ ಹಾಸಿಗೆ ಸಾಲುತ್ತದೆ.

ಆದುದರಿಂದ ದಂಪತಿಗಳೂ ಒಂದು ಮಗುವೂ ಇರುವ ಸಂಸಾರವು, ಹಿರಿಯರು ಬಂದು ನೆಲೆಸುವ ಸಂಭವವಿಲ್ಲದ ಪಕ್ಷದಲ್ಲಿ, ಎರಡು ಕೋಣೆಗಳ ಮನೆಯಲ್ಲಿ ನಿಶ್ಚಿಂತೆಯಾಗಿರಬಹುದು. ಹಿರಿಯರಿದ್ದರೆ ಮೂರನೆಯ ಕೋಣೆಗಾಗಿ ಬೇರೆ ಏನನ್ನಾದರೂ ಬಿಡಲಿ: ವಿಶಾಲವಾದ ನಡುಮನೆಯನ್ನು ಬಿಡಲಿ, ಎರಡನೆಯ ಬಾಲ್ಕನಿಯನ್ನು ಬಿಡಲಿ, ಈಜುಕೊಳವಿರುವ ಆವರಣವನ್ನು ಬಿಡಲಿ. ಮೂರನೆಯ ಕೋಣೆಯು ಸಂಹಿತೆಯ ಕನಿಷ್ಠಕ್ಕೆ ಹತ್ತಿರವಿದ್ದರೂ ಚಿಂತೆಯಿಲ್ಲ. ಒಂದು ಮಂಚ, ಒಂದು ಕಪಾಟು, ಒಂದು ಕಿಟಕಿ ಸಾಕು. ಬಚ್ಚಲು ಅದಕ್ಕೆ ಸಮೀಪವಿರಲಿ. ಮುಂದೆ ಗಾಲಿಕುರ್ಚಿಯು ಬೇಕಾದೀತೆಂದು ಬಾಗಿಲುಗಳ ಅಗಲ ಮೂರಡಿಯಿದೆಯೇ ಎಂಬುದನ್ನು ಈಗಲೇ ಟೇಪು ಹಿಡಿದು ನೋಡಲಿ. ಬಚ್ಚಲ ಬಾಗಿಲು ಸಾಮಾನ್ಯವಾಗಿ ಇದಕ್ಕಿಂತ ಕಿರಿದಾಗಿರುತ್ತದೆ.

ಮೂರು ಕೋಣೆಗಳ ಮನೆಯು ಸರ್ವಥಾ ಕೈಗೆಟುಕದಿದ್ದರೆ ಹಂಚಿಕೆಯನ್ನು ಬದಲಾಯಿಸಬೇಕು. ಅಜ್ಜಿಗೂ ಮೊಮ್ಮಗಳಿಗೂ ಒಂದು ಕೋಣೆಯಾಗಲಿ. ನಡುಮನೆಯಲ್ಲಿ ಹಾಸಿಕೊಳ್ಳುವುದು ಮಗನ ಪಾಲಿಗೆ ಬರಲಿ. ಹದಿನೈದು ವರ್ಷದ ಹುಡುಗನ ನಿದ್ರೆಯು ದೀಪಕ್ಕೂ ಮಾತಿಗೂ ಸಾಮಾನ್ಯವಾಗಿ ಅಷ್ಟು ಬೇಗ ಕೆಡುವುದಿಲ್ಲ. ಎಪ್ಪತ್ತೈದರ ನಿದ್ರೆಯು ಬೇಗ ಕೆಡುತ್ತದೆ. ಹುಡುಗನ ಓದಿಗೆ ಮಾತ್ರ ಒಂದು ಕೋಣೆಯ ಮೂಲೆಯಲ್ಲಿ ಮೇಜನ್ನು ಹಾಕಿಕೊಡತಕ್ಕದ್ದು.

ಕೊಳ್ಳುವುದಕ್ಕೆ ಮುಂಚೆ ಅಷ್ಟೇ ಕಾರ್ಪೆಟ್ ಏರಿಯಾ ಉಳ್ಳ ಮನೆಯೊಂದರಲ್ಲಿ ಹನ್ನೊಂದು ತಿಂಗಳು ಬಾಡಿಗೆಗಿದ್ದು ನೋಡುವುದು ವಿವೇಕ. ಯಾವ ಹೊತ್ತಿನಲ್ಲಿ ಯಾರಿಗೆ ಇಕ್ಕಟ್ಟಾಗುತ್ತದೆ, ಯಾವ ಮೂಲೆಯು ಖಾಲಿಯೇ ಉಳಿಯುತ್ತದೆ ಎಂಬುದು ಒಂದು ಯುಗಾದಿಯಿಂದ ಮತ್ತೊಂದು ಯುಗಾದಿಯೊಳಗೆ ತಾನಾಗಿ ತಿಳಿಯುತ್ತದೆ. ಮುಂದಿನ ಹತ್ತು ವರ್ಷಗಳನ್ನೂ ಎಣಿಸಿಕೊಳ್ಳಬೇಕು: ಈಗ ಹನ್ನೆರಡರ ಮಗಳು ಆಗ ಬೇರೆ ಊರಿನಲ್ಲಿರಬಹುದು, ಈಗ ಊರಿನಲ್ಲಿ ಒಂಟಿಯಾಗಿರುವ ತಂದೆಯು ಆಗ ನಮ್ಮಲ್ಲಿಗೆ ಬಂದಿರಬಹುದು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಸಾಲದ ವಿಷಯದಲ್ಲಿ ಸತ್ಯವಾದ ಮಾತು. ಆದರೆ ಹಾಸಿಗೆಯು ಸಣ್ಣದಾದಾಗ ಕಾಲನ್ನು ಮಡಿಸಿಕೊಳ್ಳತಕ್ಕವರು ಯಾವಾಗಲೂ ಮನೆಯ ಅತ್ಯಂತ ಹಿರಿಯರೇ ಆಗಬಾರದು. ನಕ್ಷೆಯನ್ನು ಮುಂದಿಟ್ಟುಕೊಂಡು ಸಹಿಹಾಕುವ ದಿನ, ಅದರ ಮೇಲೆ ಪ್ರತಿಯೊಬ್ಬರ ಹೆಸರನ್ನೂ ಅವರವರು ಮಲಗುವ ಸ್ಥಳದಲ್ಲಿ ಪೆನ್ಸಿಲಿನಿಂದ ಬರೆಯಿರಿ. ಬರೆಯಲು ಸ್ಥಳವು ಸಿಕ್ಕದ ಹೆಸರೊಂದು ಉಳಿದರೆ, ಸಹಿಯನ್ನು ಮುಂದಕ್ಕೆ ಹಾಕಿ, ಮತ್ತೊಂದು ಮನೆಯನ್ನು ನೋಡಿರಿ.