ಚೌಕಳಿ ಲಂಗಕ್ಕೆ ಹೊಂದುವ ಕಾಲುಚೀಲ

ಹೋದ ಜೂನ್ ತಿಂಗಳ ಒಂದು ಬೆಳಿಗ್ಗೆ ಭೀಮರಾಯನಗುಡಿಯ ನಮ್ಮ ಮನೆಯ ಕಟ್ಟೆಯ ಮೇಲೆ ಪತ್ರಿಕೆ ಓದುತ್ತ ಕುಳಿತಿದ್ದೆ. ಮೂರನೆಯ ತರಗತಿಯ ನೆರೆಮನೆಯ ಬಾಲಕಿ ಶಾಲೆಗೆ ಹೋದ ಅರ್ಧ ಗಂಟೆಯಲ್ಲೇ ತಂದೆಯ ಬೈಕಿನಲ್ಲಿ ಮರಳಿ ಬಂದಳು. ಏನಾಯಿತೆಂದು ಕೇಳಿದೆ. "ಮುತ್ಯಾ, ನನ್ನ ಸಾಕ್ಸಿನ ಪಟ್ಟಿ ಹಳದಿ ಅದ. ಕೋಟಿನ ಅಂಚಿನಂಗ ಕೆಂಪೇ ಇರಬೇಕಂತ" ಎಂದಳು. ಕೆಂಪು-ಹಸಿರು ಚೌಕಳಿಯ ಲಂಗ, ಕೊರಳಿಗೆ ಟೈ, ಮೇಲೆ ಪಾಲಿಯೆಸ್ಟರಿನ ದಪ್ಪ ಕೋಟು. ಹಣೆಯಿಂದ ಬೆವರು ಇಳಿಯುತ್ತಿತ್ತು. ಶಾಲೆಯ ಹೆಸರು ಇಲ್ಲಿ ಬೇಡ. ಈ ರೋಗ ಒಂದೇ ಶಾಲೆಯದಲ್ಲ.

ಆ ಚೌಕಳಿಯ ತವರು ಸ್ಕಾಟ್ಲೆಂಡ್. ಅಲ್ಲಿ ಅದಕ್ಕೆ ಟಾರ್ಟನ್ ಎನ್ನುತ್ತಾರೆ. ಗಂಡಸರು ಉಡುವ ನೆರಿಗೆಯ ಕಿಲ್ಟ್‌ಗೆ ಎಂಟು ಗಜದವರೆಗೂ ಉಣ್ಣೆಯ ಬಟ್ಟೆ ಬೇಕಾಗುತ್ತದೆ. ಮಳೆ-ಚಳಿಯ ಆ ನಾಡಿಗೆ ಅದು ತಕ್ಕದ್ದೇ. ಕಲೋಡನ್ ಯುದ್ಧದಲ್ಲಿ ಬಂಡುಕೋರರು ಸೋತ ಮೇಲೆ, 1746ರಲ್ಲಿ ಬ್ರಿಟಿಷ್ ಸಂಸತ್ತು ಈ ಉಡುಪನ್ನು ನಿಷೇಧಿಸಿತು. 1782ರವರೆಗೆ ಆ ಕಾನೂನು ಉಳಿಯಿತು. ಉಟ್ಟರೆ ಶಿಕ್ಷೆ! 1822ರಲ್ಲಿ ದೊರೆ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಮುಂದೆ ನಿಂತು ಸಮಾರಂಭ ನಡೆಸಿದನು. ಅಂದಿನಿಂದ ಅದೇ ಉಡುಪು ಅಭಿಮಾನದ ಗುರುತಾಯಿತು.

ಕಿಲ್ಟ್‌ಗೆ ಕೋಟು, ಕಾಲುಚೀಲ ಹೊಂದಿಸುವ ಬಗೆಯೂ ಅವರಲ್ಲಿದೆ. ಹಗಲಿಗೆ ಒರಟು ಉಣ್ಣೆಯ ಟ್ವೀಡ್ ಕೋಟು, ಸಂಜೆಯ ಔತಣಕ್ಕೆ ಕರಿಯ ಕೋಟು. ಚೌಕಳಿಯೊಳಗೆ ಅಡಗಿರುವ ಒಂದು ಮಂದ ಬಣ್ಣವನ್ನು ಆರಿಸಿ ಅದೇ ಬಣ್ಣದ ಕಾಲುಚೀಲ, ಇಲ್ಲವೇ ಕೆನೆಬಣ್ಣದ್ದು. ಇದು ನಮಗೆ ಹೊಸತೇ? ನನ್ನ ತಾಯಿ ಇಳಕಲ್ ಸೀರೆಗೆ ಗುಳೇದಗುಡ್ಡದ ಖಣ ಆರಿಸುವಾಗ ಸೀರೆಯ ದಡಿಯ ಬಣ್ಣವನ್ನು ಖಣದ ಮೈಯಲ್ಲಿ ಹುಡುಕುತ್ತಿದ್ದಳು. ಅದು ಅಭಿರುಚಿ, ಹಬ್ಬದ ಸಡಗರ. ಹೊಂದದಿದ್ದರೆ ಅವಳನ್ನು ಯಾರೂ ಮದುವೆಯ ಹಂದರದಿಂದ ಹೊರಗೆ ಕಳಿಸುತ್ತಿರಲಿಲ್ಲ.

ನಾವೋ ಆ ಸಡಗರವನ್ನು ಕಾಯಿದೆ ಮಾಡಿದ್ದೇವೆ. ಅದೂ ಬೇಸಿಗೆಯಲ್ಲಿ ಉಷ್ಣಾಂಶ ನಲವತ್ತು ಡಿಗ್ರಿ ದಾಟುವ ಈ ಕಪ್ಪುಮಣ್ಣಿನ ಸೀಮೆಯಲ್ಲಿ, ಹತ್ತಿ ಬೆಳೆಯುವ ರೈತರ ಮಕ್ಕಳ ಮೈಮೇಲೆ! ಹತ್ತಿ ಹೊರಗೆ ಹೋಗುತ್ತದೆ, ಪಾಲಿಯೆಸ್ಟರ್ ಒಳಗೆ ಬರುತ್ತದೆ.

"ಸಮವಸ್ತ್ರವಿಲ್ಲದಿದ್ದರೆ ಬಡವ-ಬಲ್ಲಿದ ಭೇದ ಎದ್ದು ಕಾಣುತ್ತದೆಯಲ್ಲ ಗುರುಗಳೇ" ಎಂದು ಕೆಲವರು ಕೇಳುತ್ತಾರೆ. ಮಾತು ನಿಜ. ಸಮವಸ್ತ್ರಕ್ಕೆ ನಾನು ವಿರೋಧಿಯಲ್ಲ. ಆದರೆ ಒಂದೇ ಅಂಗಡಿಯಲ್ಲಿ ಸಿಗುವ ಕೋಟು, ವಾರಕ್ಕೆ ಎರಡು ಬಗೆಯ ಕಾಲುಚೀಲ, ಇವು ಭೇದವನ್ನು ಅಳಿಸುವುದಿಲ್ಲ. ಬಡವನ ಮಗುವನ್ನು ಬಾಗಿಲಲ್ಲೇ ಗುರುತಿಸಿ ಕೊಡುತ್ತವೆ. ಸರಕಾರಿ ಶಾಲೆಯ ಮಕ್ಕಳಿಗೆ ಕೊಡುವ ಕರಿ ಬೂಟು, ಬಿಳಿ ಕಾಲುಚೀಲದಲ್ಲಿ ಇದಕ್ಕಿಂತ ಹೆಚ್ಚಿನ ವಿವೇಕವಿದೆ.

ನಾನೂ ತಪ್ಪಿತಸ್ಥನೇ. ಸೇವೆಯ ಮೊದಲ ವರ್ಷಗಳಲ್ಲಿ ಬಣ್ಣದ ಅಂಗಿ ತೊಟ್ಟು ಬಂದ ಹುಡುಗನೊಬ್ಬನನ್ನು ಪ್ರಾರ್ಥನೆಯ ಸಾಲಿನಿಂದ ಮನೆಗೆ ಅಟ್ಟಿದ್ದೆ. ತಂದೆ ಕಾಲುವೆ ಕೆಲಸದ ಕೂಲಿ; ಹುಡುಗನಿಗಿದ್ದ ಬಿಳಿ ಅಂಗಿ ಒಂದೇ. ಅದು ಒಣಗಿರಲಿಲ್ಲವೆಂಬುದು ನನಗೆ ಆಮೇಲೆ ತಿಳಿಯಿತು. ಅವನು ಮತ್ತೆ ಶಾಲೆಗೆ ಬರಲಿಲ್ಲ. ಶಿಸ್ತು ಕಲಿಸಿದೆನೆಂದು ಆ ದಿನ ಬೀಗಿದ್ದೆ. ಇಂದು ಆ ನೆನಪು ಬಂದರೆ ತಲೆ ತಗ್ಗುತ್ತದೆ.

ಶಾಲೆ ನಡೆಸುವವರಲ್ಲಿ ನನ್ನ ಬೇಡಿಕೆ ಸರಳ. ಬಟ್ಟೆ ಹತ್ತಿಯದಿರಲಿ, ಶಹಾಪುರದ ಯಾವ ಅಂಗಡಿಯಲ್ಲಾದರೂ ಸಿಗುವಂತಿರಲಿ. ಕೋಟನ್ನು ಚಳಿಯ ನಾಡಿಗೆ ಬಿಟ್ಟುಬಿಡಿ. ಬಟ್ಟೆಯ ಕಾರಣಕ್ಕೆ ಯಾವ ಮಗುವನ್ನೂ ತರಗತಿಯಿಂದ ಹೊರಗೆ ನಿಲ್ಲಿಸಬೇಡಿ.

ಆ ದಿನ ತಂದೆ ಕೂಲಿ ಬಿಟ್ಟು ಶಹಾಪುರಕ್ಕೆ ಹೋಗಿ ಕೆಂಪು ಪಟ್ಟಿಯ ಕಾಲುಚೀಲ ತಂದನು. ಮರುದಿನ ಸಂಜೆ, "ನಿನ್ನೆ ಏನು ಪಾಠ ಆಗಿತ್ತವ್ವಾ?" ಎಂದು ಕೇಳಿದೆ. "ಭಾಗಾಕಾರ, ಮುತ್ಯಾ. ನನಗ ತಿಳಿಲಿಲ್ಲ" ಎಂದಳು. ಪಾಟಿ ತರಲು ಹೇಳಿದೆ.