ಪಾತ್ರಾಭಿನಯದ ಆಟ: ಹೊಸಬರ ಪೆಟ್ಟಿಗೆಯಲ್ಲಿ ಏನಿರಬೇಕು?

ಪಾತ್ರಾಭಿನಯ ನಮಗೆ ಹೊಸದಲ್ಲ. ಸಮಾಜ ವಿಜ್ಞಾನದ ಬೋಧನಾ ವಿಧಾನಗಳಲ್ಲಿ ಅದು ಇದ್ದೇ ಇದೆ. ಪ್ರಶಿಕ್ಷಣಾರ್ಥಿಗಳ ಪಾಠ ಟಿಪ್ಪಣಿಗಳಲ್ಲಿ ಪ್ರತಿವರ್ಷ ಕಾಣಿಸಿಕೊಳ್ಳುತ್ತದೆ. ಆದರೆ ತರಗತಿಯಲ್ಲಿ ನಡೆಯುವುದು ಬಹುಮಟ್ಟಿಗೆ ಬರೆದುಕೊಟ್ಟ ಮಾತನ್ನು ಒಪ್ಪಿಸುವ ಕೆಲಸ. ಮಾತು ಬರೆದಿರದ, ಮುಂದೇನಾಗುತ್ತದೆಂದು ನಡೆಸುವವರಿಗೂ ಪೂರ್ತಿ ಗೊತ್ತಿರದ ಪಾತ್ರಾಭಿನಯದ ಆಟವೊಂದು ಅಮೆರಿಕದಲ್ಲಿ ಹುಟ್ಟಿ ಐವತ್ತು ವರ್ಷ ದಾಟಿದೆ. ಅದನ್ನು ಹೊಸಬರಿಗೆ ಕಲಿಸಲೆಂದೇ ಪೆಟ್ಟಿಗೆಗಳು ಮಾರಾಟವಾಗುತ್ತವೆ. ಅವನ್ನು ಬೋಧನ ಸಾಮಗ್ರಿಯೆಂದು ಭಾವಿಸಿ ನೋಡಿದಾಗ ಏಳುವ ಪ್ರಶ್ನೆ ನಮ್ಮದೇ ಪ್ರಶ್ನೆ: ಹಿಂದೆಂದೂ ಗುಂಪನ್ನು ನಡೆಸದ ಒಬ್ಬರನ್ನು, ಪಕ್ಕದಲ್ಲಿ ಮೇಲ್ವಿಚಾರಕರು ಇಲ್ಲದೆ, ಮುದ್ರಿತ ಕಾಗದದಿಂದಲೇ ಸಿದ್ಧಗೊಳಿಸುವುದು ಹೇಗೆ?

ಆಟದ ಸ್ವರೂಪವನ್ನು ಮೊದಲು ಹೇಳಿಬಿಡುತ್ತೇನೆ. ನಾಲ್ಕೈದು ಮಂದಿ ಒಂದೊಂದು ಪಾತ್ರ ವಹಿಸುತ್ತಾರೆ. ಇನ್ನೊಬ್ಬರು ಗೇಮ್ ಮಾಸ್ಟರ್. ಇಲ್ಲಿ ಅವರನ್ನು ನಿರ್ವಾಹಕರು ಎನ್ನುತ್ತೇನೆ. ‘ನೀವು ಹಾಳುಕೋಟೆಯ ಬಾಗಿಲಲ್ಲಿದ್ದೀರಿ, ಒಳಗಿನಿಂದ ಹೊಗೆ ಬರುತ್ತಿದೆ, ಏನು ಮಾಡುತ್ತೀರಿ?’ ಎಂದು ನಿರ್ವಾಹಕರು ಕೇಳುತ್ತಾರೆ. ಆಟಗಾರರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ. ಅದು ಫಲಿಸುವುದೋ ಇಲ್ಲವೋ ಎಂಬ ಅನುಮಾನವಿದ್ದಾಗ ದಾಳ ಹಾಕುತ್ತಾರೆ. ಬಂದ ಫಲಕ್ಕೆ ತಕ್ಕಂತೆ ಕಥೆ ಮುಂದುವರಿಯುತ್ತದೆ. ತಾಳಮದ್ದಳೆ ಕೇಳಿದವರಿಗೆ ಇದರ ಅರ್ಧ ಭಾಗ ಪರಿಚಿತ: ಅರ್ಥಧಾರಿಯ ಮಾತು ಅಲ್ಲಿಯೂ ಆ ಕ್ಷಣಕ್ಕೆ ಹುಟ್ಟುವಂಥದು. ಆದರೆ ಅಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತಿರುತ್ತದೆ. ಇಲ್ಲಿ ಕೊನೆ ತೆರೆದೇ ಇರುತ್ತದೆ. ಆಡುವವರ ಕುತೂಹಲವೂ ನಡೆಸುವವರ ಭಯವೂ ಅದರಿಂದಲೇ.

1974ರಲ್ಲಿ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಬಂದದ್ದೇ ಪೆಟ್ಟಿಗೆಯಲ್ಲಿ, ಮೂರು ಕಿರುಪುಸ್ತಕಗಳಾಗಿ. ಯುದ್ಧದ ಆಟಗಳನ್ನು ಮೊದಲೇ ಆಡಿದ್ದವರಿಗೆ ಬರೆದ ಪುಸ್ತಕಗಳವು. ಗೊತ್ತಿದ್ದವರ ಜೊತೆ ಕುಳಿತು ಆಡಿಯೇ ಹಲವರು ಅದನ್ನು ಕಲಿತರು. ಹೊಸಬರಿಗಾಗಿ ಬೇರೆ ಪೆಟ್ಟಿಗೆ ಬಂದದ್ದು 1977ರಲ್ಲಿ. ಅದನ್ನು ಸಂಪಾದಿಸಿದ ಎರಿಕ್ ಹೋಮ್ಸ್ ವೃತ್ತಿಯಿಂದ ನರವಿಜ್ಞಾನದ ಪ್ರಾಧ್ಯಾಪಕ, ಆಟದ ಕಂಪನಿಯ ನೌಕರರಲ್ಲ. ಪಂಡಿತನಿಗೆ ಬರೆದದ್ದನ್ನು ಹೊಸಬನಿಗೆ ತಿರುಗಿ ಬರೆಯಬೇಕು ಎಂದು ಪಾಠ ಹೇಳುವವನಿಗೇ ಹೊಳೆದದ್ದು ನನಗೆ ಆಶ್ಚರ್ಯ ತರುವುದಿಲ್ಲ.

ಆ ಕಾಲದ ಒಂದು ಚಿಕ್ಕ ಸಂಗತಿ. ಬಹುಮುಖದ ದಾಳಗಳು ಸಾಕಷ್ಟು ಸಿಗದೆ ಹೋದಾಗ ಕಂಪನಿ ಕೆಲವು ಪೆಟ್ಟಿಗೆಗಳಲ್ಲಿ ದಾಳಕ್ಕೆ ಬದಲು ಅಂಕಿ ಮುದ್ರಿಸಿದ ಚೀಟಿಗಳನ್ನು ಇಟ್ಟಿತು. ಲೋಟದಲ್ಲಿ ಹಾಕಿ ಕುಲುಕಿ ಎತ್ತಿದರೆ ಕೆಲಸ ನಡೆಯುತ್ತಿತ್ತು. ಇಂದಿನ ಪೆಟ್ಟಿಗೆಗಳ ಬಣ್ಣದ ನಕ್ಷೆ, ರಟ್ಟಿನ ಬೊಂಬೆಗಳನ್ನು ನೋಡುವಾಗ ನನಗೆ ಈ ಚೀಟಿಗಳು ನೆನಪಾಗುತ್ತವೆ. ಅವೆಲ್ಲ ಚೆಂದ, ಇರಲಿ. ಚಾರ್ಟು ಚೆನ್ನಾಗಿದ್ದರೆ ಪಾಠವೂ ಚೆನ್ನಾಗಿರುತ್ತದೆಂದು ನಂಬಿದ ಪ್ರಶಿಕ್ಷಣಾರ್ಥಿಗಳನ್ನು ನಾವೆಲ್ಲ ನೋಡಿದ್ದೇವೆ.

1983ರಲ್ಲಿ ಫ್ರಾಂಕ್ ಮೆಂಟ್ಸರ್ ತಿದ್ದಿ ಬರೆದ ಕೆಂಪು ಪೆಟ್ಟಿಗೆಯ ಬಗ್ಗೆ ಹೆಚ್ಚು ಹೇಳಬೇಕು. ಅದರ ಆಟಗಾರರ ಪುಸ್ತಕ ನಿಯಮಗಳಿಂದ ಆರಂಭವಾಗುವುದಿಲ್ಲ. ‘ನೀನು ಒಬ್ಬ ಯೋಧ’ ಎಂದು ಹೇಳಿ ಓದುಗನನ್ನು ಒಬ್ಬನೇ ಗುಹೆಯೊಳಗೆ ಕರೆದೊಯ್ಯುತ್ತದೆ. ಹಾವಿನೊಡನೆ ಹೋರಾಡುವಾಗ ಪೆಟ್ಟು ಬಿದ್ದರೆ ಏನೆಂದು ತಿಳಿಯುತ್ತದೆ. ಅಲೀನಾ ಎಂಬ ಸಹಾಯಕಿ ಸಿಗುತ್ತಾಳೆ, ಗಾಯ ವಾಸಿಮಾಡುತ್ತಾಳೆ, ಬಾರ್ಗಲ್ ಎಂಬ ಮಾಂತ್ರಿಕನ ಕೈಯಲ್ಲಿ ಸಾಯುತ್ತಾಳೆ. ನಿಯಮದ ಹೆಸರು ಬರುವ ಮೊದಲೇ ಅದು ಏತಕ್ಕೆ ಬೇಕೆಂದು ಓದುಗನಿಗೆ ಗೊತ್ತಾಗಿರುತ್ತದೆ. ಉದಾಹರಣೆಯಿಂದ ನಿಯಮಕ್ಕೆ ಹೋಗುವ ಈ ಅನುಗಮನ ಪದ್ಧತಿಯನ್ನು ನಾವು ವ್ಯಾಕರಣ ಪಾಠಕ್ಕೆ ಶಿಫಾರಸು ಮಾಡಿ, ಪರೀಕ್ಷೆ ಹತ್ತಿರ ಬಂದಾಗ ಕೈಬಿಡುತ್ತೇವೆ. ಅದೇ ಪೆಟ್ಟಿಗೆಯ ನಿರ್ವಾಹಕರ ಪುಸ್ತಕದಲ್ಲೊಂದು ಕೋಟೆ ಇದೆ. ಮೊದಲ ಅಂತಸ್ತಿನ ವಿವರ ಪೂರ್ತಿಯಾಗಿ ಬರೆದಿದೆ; ಮುಂದಕ್ಕೆ ಹೋದಂತೆ ಪುಸ್ತಕದ ನೆರವು ಕಡಿಮೆಯಾಗಿ ನಿರ್ವಾಹಕರೇ ತುಂಬಿಕೊಳ್ಳಬೇಕಾಗುತ್ತದೆ. 1976ರಲ್ಲಿ ವುಡ್, ಬ್ರೂನರ್ ಮತ್ತು ರಾಸ್ ‘ಸ್ಕಾಫೋಲ್ಡಿಂಗ್’ ಎಂದು ಹೆಸರಿಟ್ಟ ಆಸರೆಯ ಕಲ್ಪನೆ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಪೆಟ್ಟಿಗೆಯಿಂದ ನಾನು ಮುಖ್ಯವಾಗಿ ಬಯಸುವುದು ಇದನ್ನೇ. ಅದು ಆಟಗಾರರಿಗಿಂತ ನಿರ್ವಾಹಕರನ್ನು ಸಿದ್ಧಗೊಳಿಸಬೇಕು. ಆಟಗಾರ ತಪ್ಪಿದರೆ ಪಕ್ಕದವರು ಹೇಳಿಕೊಡುತ್ತಾರೆ. ನಿರ್ವಾಹಕರು ಮೊದಲ ದಿನ ತಡವರಿಸಿ ಕೈಚೆಲ್ಲಿದರೆ ಆ ಐದೂ ಮಂದಿ ಮತ್ತೆ ಪೆಟ್ಟಿಗೆ ತೆರೆಯುವುದಿಲ್ಲ. ಮೊದಲ ವಾರದ ಅಭ್ಯಾಸ ಬೋಧನೆಯಲ್ಲಿ ಸೋತು, ಆಮೇಲೆ ಎರಡು ವರ್ಷವೂ ಪಠ್ಯಪುಸ್ತಕವನ್ನು ಗಟ್ಟಿಯಾಗಿ ಓದಿಸುವುದರಲ್ಲೇ ರಕ್ಷಣೆ ಕಂಡುಕೊಳ್ಳುವವರ ಕಥೆ ನಮಗೆ ತಿಳಿಯದ್ದಲ್ಲ.

2014ರ ‘ಸ್ಟಾರ್ಟರ್ ಸೆಟ್’ನಲ್ಲಿ 32 ಪುಟಗಳ ನಿಯಮ ಪುಸ್ತಕ, 64 ಪುಟಗಳ ಸಾಹಸಕಥೆ, ಮೊದಲೇ ರಚಿಸಿದ ಐದು ಪಾತ್ರಗಳು ಮತ್ತು ದಾಳಗಳಿವೆ. ಪಾತ್ರ ರಚನೆಯಲ್ಲೇ ಮೊದಲ ಸಂಜೆ ಕಳೆಯದೆ ನೇರ ಆಟಕ್ಕೆ ಇಳಿಯಬಹುದು. ಇದು ಸರಿಯಾದ ಕ್ರಮ. ಮೊದಲ ದೃಶ್ಯದಲ್ಲಿ ದಾರಿಯ ಮೇಲೆ ಎರಡು ಸತ್ತ ಕುದುರೆಗಳು, ಪೊದೆಯಲ್ಲಿ ನಾಲ್ವರು ಗಾಬ್ಲಿನ್ನರು ಅಡಗಿದ್ದಾರೆ. ಹೊಸ ಪಾತ್ರಗಳಿಗೆ ಈ ಹೊಂಚುದಾಳಿ ಕಠಿಣವಾಗಿಬಿಡಬಹುದು. ಮೊದಲ ಪಾಠಕ್ಕೆ ಇಷ್ಟು ಕಷ್ಟ ಬೇಕಿರಲಿಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಆಟಗಾರರು ಸೋತರೆ ಮುಂದೇನು ಎಂಬುದನ್ನು ಪುಸ್ತಕ ಹೇಳುತ್ತದೆ: ಗಾಬ್ಲಿನ್ನರು ಅವರನ್ನು ಕೊಲ್ಲದೆ, ದೋಚಿಕೊಂಡು ಹೋಗುತ್ತಾರೆ, ಕಥೆ ಮುಂದುವರಿಯುತ್ತದೆ. ಈ ಒಂದೆರಡು ಸಾಲು ಹೊಸ ನಿರ್ವಾಹಕರಿಗೆ ಹತ್ತು ಪುಟ ನಿಯಮಕ್ಕಿಂತ ಹೆಚ್ಚು ಧೈರ್ಯ ಕೊಡುತ್ತದೆ.

ನಮ್ಮ ಪಾಠ ಟಿಪ್ಪಣಿಯಲ್ಲಿ ಇಂಥ ಸಾಲಿಗೆ ಜಾಗವೇ ಇಲ್ಲ. ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ ಎಂಬ ಅಂಕಣಗಳಿವೆ. ಪ್ರಶ್ನೆಯ ಎದುರು ನಿರೀಕ್ಷಿತ ಉತ್ತರವಿದೆ. ‘ಮಳೆ ಏಕೆ ಬರುತ್ತದೆ?’ ಎಂಬುದಕ್ಕೆ ಮಗು ‘ಕಪ್ಪೆ ಕೂಗಿದ್ದಕ್ಕೆ’ ಎಂದರೆ ಟಿಪ್ಪಣಿ ಮೌನ. ಪ್ರಶಿಕ್ಷಣಾರ್ಥಿ ‘ಬೇರೆ ಯಾರು ಹೇಳುತ್ತೀರಿ?’ ಎನ್ನುತ್ತ ನಿರೀಕ್ಷಿತ ಉತ್ತರ ಸಿಗುವವರೆಗೆ ಬೆಂಚಿನಿಂದ ಬೆಂಚಿಗೆ ಹೋಗುತ್ತಾರೆ. ಆಟದ ಪುಸ್ತಕಗಳಲ್ಲೂ ಈ ದೋಷವಿದೆ: ಗಟ್ಟಿಯಾಗಿ ಓದಿ ಹೇಳಬೇಕಾದ ಭಾಗ ಚೌಕಟ್ಟಿನಲ್ಲಿ ಅಚ್ಚಾಗಿರುತ್ತದೆ, ಆಮೇಲೆ ಆಟಗಾರರು ಬೇರೇನನ್ನೋ ಮಾಡಿದರೆ ನಿರ್ವಾಹಕರ ಬಾಯಿ ಕಟ್ಟುತ್ತದೆ. ಪ್ರತಿಯೊಂದು ದೃಶ್ಯದಲ್ಲೂ ಅಲ್ಲಿರುವವರಿಗೆ ಏನು ಬೇಕು, ಅವರು ಯಾವುದಕ್ಕೆ ಹೆದರುತ್ತಾರೆ ಎಂದು ಎರಡು ಸಾಲು ಬರೆದರೆ ಸಾಕು. ಕಾವಲುಗಾರನಿಗೆ ನಿದ್ದೆ ಬೇಕಿದೆ, ಒಡೆಯನೆಂದರೆ ಭಯವಿದೆ ಎಂದು ತಿಳಿದರೆ ಆಟಗಾರರು ಹೋರಾಡಲಿ, ಲಂಚ ಕೊಡಲಿ, ಹಾಡು ಹೇಳಲಿ, ನಿರ್ವಾಹಕರು ಉತ್ತರ ಕೊಡಬಲ್ಲರು.

ಕ್ರಮದ ವಿಷಯದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು 2018ರ ‘ಕಾಲ್ ಆಫ್ ಕ್ತುಲ್ಹು’ ಪೆಟ್ಟಿಗೆ. ಅದು ಪತ್ತೇದಾರಿಕೆಯ ಭಯಾನಕ ಕಥೆಗಳ ಆಟ. ಮೊದಲು ಒಬ್ಬರೇ ಓದುತ್ತ ಆಡುವ ಕಥೆ. ಅದನ್ನು ಮುಗಿಸಿದವರಿಗೆ ನಿಯಮ ಅರ್ಧ ಬಂದಿರುತ್ತದೆ. ನಂತರ ಒಬ್ಬ ನಿರ್ವಾಹಕರು, ಒಬ್ಬನೇ ಆಟಗಾರ ಇರುವ ಸಣ್ಣ ಕಥೆ. ಆಮೇಲೆ ಗುಂಪಿನ ಕಥೆಗಳು. ಇದು ಸೂಕ್ಷ್ಮ ಬೋಧನೆಯ ತರ್ಕವೇ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಡ್ವೈಟ್ ಅಲೆನ್ ಮತ್ತು ಸಂಗಡಿಗರು ರೂಪಿಸಿದ ಕ್ರಮದಲ್ಲಿ ವಿದ್ಯಾರ್ಥಿಗಳ ಸಂಖ್ಯೆ, ಅವಧಿ, ಕೌಶಲ ಮೂರೂ ಕಿರಿದು.

ಆದರೆ ಸೂಕ್ಷ್ಮ ಬೋಧನೆಯ ಉತ್ತರಾರ್ಧ ಈ ಪೆಟ್ಟಿಗೆಗಳಲ್ಲಿ ನನಗೆ ಕಾಣುವುದಿಲ್ಲ. ನಾವು ಕಲಿಸುವ 36 ನಿಮಿಷದ ಚಕ್ರದಲ್ಲಿ ಬೋಧನೆಗೆ 6, ಹಿಮ್ಮಾಹಿತಿಗೆ 6, ಮರುಯೋಜನೆಗೆ 12, ಮರುಬೋಧನೆಗೆ 6, ಮರುಹಿಮ್ಮಾಹಿತಿಗೆ 6. ಅತಿ ಹೆಚ್ಚು ಸಮಯ ಸಲ್ಲುವುದು ಮರುಯೋಜನೆಗೆ. ಪೆಟ್ಟಿಗೆಯ ಒಂದು ದೃಶ್ಯವಾದರೂ ಬೇರೆ ಗುಂಪಿನೊಡನೆ ಎರಡನೆಯ ಸಲ ನಡೆಸಲೆಂದೇ ಬರೆದಿರಬೇಕು.

‘ಐದು ಮಂದಿಯ ಆಟ ನಲವತ್ತು ಮಕ್ಕಳ ತರಗತಿಗೆ ಏಕೆ?’ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಲವತ್ತು ಮಕ್ಕಳೆಂದರೆ ಐದೈದರ ಎಂಟು ಗುಂಪು, ಎಂಟು ನಿರ್ವಾಹಕರು. ಒಂದು ಶಾಲೆಗೆ ನಿಯೋಜಿತರಾದ ಪ್ರಶಿಕ್ಷಣಾರ್ಥಿಗಳ ತಂಡ ಒಂದು ದಿನ ಇದನ್ನು ಮಾಡಬಹುದು. ಉಳಿದ ದಿನ ಮಕ್ಕಳಲ್ಲೇ ಎಂಟು ಮಂದಿ ಏಳಬೇಕು. ಆದ್ದರಿಂದಲೇ ಪೆಟ್ಟಿಗೆಯ ಯೋಗ್ಯತೆಯನ್ನು ಅದು ಎಷ್ಟು ಬೇಗ ಒಬ್ಬ ನಿರ್ವಾಹಕರನ್ನು ತಯಾರಿಸುತ್ತದೆ ಎಂಬುದರಿಂದ ಅಳೆಯುತ್ತೇನೆ. ಇದರಿಂದ ಪಠ್ಯ ಮುಗಿಯುತ್ತದೆಂದು ನಾನು ಹೇಳುತ್ತಿಲ್ಲ. ಮುಗಿಯುವುದಿಲ್ಲ.

ಆಮದಾದ ಪೆಟ್ಟಿಗೆಗಳು ನಮಗೆ ದುಬಾರಿ, ಭಾಷೆಯೂ ಇಂಗ್ಲಿಷ್. ಬೋಧನೋಪಕರಣ ತಯಾರಿಕೆಯ ಅಂಗವಾಗಿ ನಮ್ಮ ಪ್ರಶಿಕ್ಷಣಾರ್ಥಿಗಳೇ ಕನ್ನಡದಲ್ಲಿ ಒಂದನ್ನು ಮಾಡಲಿ ಎಂಬುದು ನನ್ನ ಸಲಹೆ. ಗಾಬ್ಲಿನ್ನರು ಬೇಡ. ಹಳೆಯ ಮೈಸೂರು ಸೀಮೆಯ ಒಂದು ಕೆರೆ ಸಾಕು: ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ನೀರುಗಂಟಿ, ಏರಿಯ ಹತ್ತಿರದ ಗದ್ದೆಯವರು, ನೀರು ಕೊನೆಗೆ ತಲುಪುವ ಗದ್ದೆಯವರು, ದನಕ್ಕೆ ನೀರು ಬೇಕಾದವರು. ಮಳೆ ಕಡಿಮೆಯಾದ ವರ್ಷ ಒಂದು ರಾತ್ರಿ ಯಾರೋ ತೂಬು ತೆಗೆದಿದ್ದಾರೆ. ನಿಯಮಗಳಿಗೆ ಮಡಚಿದ ಒಂದು ಹಾಳೆ, ಐದು ಸಿದ್ಧ ಪಾತ್ರ, ದಾಳಕ್ಕೆ ಬದಲು 1ರಿಂದ 20ರವರೆಗಿನ ಚೀಟಿ, ಕೆರೆಯ ಒಂದು ನಕ್ಷೆ. ಮೊದಲ ದೃಶ್ಯ ಏರಿಯ ಮೇಲೆ, ಬೆಳಗಿನ ಹೊತ್ತು. ಪೂರ್ತಿ ಬರೆದಿರಲಿ, ಹದಿನೈದು ನಿಮಿಷದಲ್ಲಿ ಓದಿ ನಡೆಸುವಂತಿರಲಿ. ಎರಡನೆಯದು ನೀರುಗಂಟಿಯ ಮನೆಯಲ್ಲಿ. ಅಲ್ಲಿರುವವರಿಗೆ ಏನು ಬೇಕು ಎಂಬುದಷ್ಟೇ ಇರಲಿ. ಮೂರನೆಯ ದೃಶ್ಯಕ್ಕೆ ‘ಊರವರು ಸೇರಿದ್ದಾರೆ’ ಎಂಬ ಒಂದು ಸಾಲು, ಕೆಳಗೆ ಖಾಲಿ ಪುಟ. ತೂಬು ತೆಗೆದವರು ಯಾರೆಂದು ಪೆಟ್ಟಿಗೆ ಹೇಳಬಾರದು. ನಿರ್ವಾಹಕರೇ ಆ ಖಾಲಿ ಪುಟದಲ್ಲಿ ಬರೆದುಕೊಳ್ಳಲಿ.

ಕೊನೆಯಲ್ಲಿ ಹಿಮ್ಮಾಹಿತಿಯ ಒಂದು ಹಾಳೆ. ಅಂಕಗಳ ಕೋಷ್ಟಕ ಬೇಡ, ಮೂರು ಪ್ರಶ್ನೆ ಸಾಕು. ಯಾರು ಒಮ್ಮೆಯೂ ಮಾತಾಡಲಿಲ್ಲ? ನೀವು ಎಣಿಸಿರದ ಯಾವ ಮಾತಿಗೆ ಉತ್ತರ ಕೊಟ್ಟಿರಿ? ನಾಳೆ ಇನ್ನೊಂದು ಗುಂಪಿಗೆ ಇದೇ ದೃಶ್ಯ ನಡೆಸುವಾಗ ಯಾವ ಸಾಲನ್ನು ಹೊಡೆದುಹಾಕುತ್ತೀರಿ?