ನಿಂತ ನೆಲದ ಹಬ್ಬ

ಉದ್ಯೋಗಾರ್ಥವಾಗಿಯೋ ವಿದ್ಯಾರ್ಥವಾಗಿಯೋ ಕಡಲನ್ನು ದಾಟಿ, ನ್ಯೂಜೆರ್ಸಿಯಲ್ಲಿ, ಮೆಲ್ಬರ್ನಿನಲ್ಲಿ, ಲಂಡನ್ನಿನಲ್ಲಿ ಸಂಸಾರ ಹೂಡಿರುವ ನಮ್ಮ ಕುಟುಂಬಗಳು ಯುಗಾದಿ, ಗೌರೀಗಣೇಶ, ದಸರೆ, ದೀಪಾವಳಿಗಳನ್ನು ಬಿಡದೆ ಆಚರಿಸಿಕೊಂಡು ಬರುತ್ತಿರುವುದು ಸಂತೋಷದ ಸಂಗತಿ. ಆದರೆ ಮಾವಿನೆಲೆ ಸಿಕ್ಕಲಿಲ್ಲ, ಬೇವಿನ ಹೂವಿಲ್ಲ, ರಜೆ ದೊರೆಯಲಿಲ್ಲ, ಊರಿನಲ್ಲಿದ್ದಂತೆ ಆಗಲೇ ಇಲ್ಲ ಎಂಬ ಕೊರಗು ಅಲ್ಲಿಯವರನ್ನೂ, ಅವರ ಫೋನಿಗಾಗಿ ಕಾದು ಕುಳಿತ ಇಲ್ಲಿಯ ತಂದೆತಾಯಿಗಳನ್ನೂ ಸಮಾನವಾಗಿ ಬಾಧಿಸುತ್ತಿರುವುದನ್ನೂ ನಾವು ಬಲ್ಲೆವು. ಕೊರಗು ಸಹಜವಾದುದೇ. ಆದರೂ ಊರಿನ ಹಬ್ಬದ ಪ್ರತಿಕೃತಿಯೇ ಪರದೇಶದ ಹಬ್ಬಕ್ಕೆ ಆದರ್ಶವೆಂದು ಭಾವಿಸುವುದು ಸರಿಯಲ್ಲವೆಂದೂ, ಹಬ್ಬವು ಜನ ನಿಂತ ನೆಲಕ್ಕೆ ಸೇರಿದುದಾಗಿ, ಮನೆಯವರೆಲ್ಲರ ಕೈಯಿಂದ ನಡೆದುದಾದರೆ ಮಾತ್ರ ಮುಂದಿನ ತಲೆಮಾರಿಗೆ ಉಳಿದೀತೆಂದೂ ನನ್ನ ದೃಢವಾದ ಅಭಿಪ್ರಾಯ.

ನಮ್ಮ ಪಂಚಾಂಗದ ಕ್ರಮವೇ ಇದಕ್ಕೆ ಸಾಕ್ಷಿಯಾಗಿದೆ. ಚಂದ್ರನು ಸೂರ್ಯನಿಂದ 12 ಅಂಶಗಳಷ್ಟು ಮುಂದೆ ಸರಿಯಲು ಹಿಡಿಯುವ ಕಾಲವೇ ಒಂದು ತಿಥಿ. ಅದು ತೊಡಗುವ ಕ್ಷಣ ಲೋಕಕ್ಕೆಲ್ಲ ಒಂದೇ ಆದರೂ, ಹಬ್ಬ ಯಾವ ದಿನವೆಂಬುದನ್ನು ನಿರ್ಣಯಿಸತಕ್ಕವು ಆಯಾ ಸ್ಥಳದ ಸೂರ್ಯೋದಯ, ಸೂರ್ಯಾಸ್ತಗಳು. 2024ರಲ್ಲಿ ಆಶ್ವಯುಜದ ಅಮಾವಾಸ್ಯೆ ಭಾರತದಲ್ಲಿ ಅಕ್ಟೋಬರ್ 31ರ ಮಧ್ಯಾಹ್ನ ತೊಡಗಿ ನವೆಂಬರ್ 1ರ ಸಂಜೆಯವರೆಗೂ ಇದ್ದುದರಿಂದ ಲಕ್ಷ್ಮೀಪೂಜೆ ಎಂದು ಮಾಡತಕ್ಕದ್ದೆಂಬ ಚರ್ಚೆ ದೇಶದಲ್ಲೆಲ್ಲ ನಡೆಯಿತು. ಅಮೆರಿಕದ ಪೂರ್ವತೀರದಲ್ಲಾದರೋ ಅದೇ ಅಮಾವಾಸ್ಯೆ 31ರ ಬೆಳಗ್ಗೆ ಬಂದು ಮರುಬೆಳಗ್ಗೆ ಮುಗಿದುದರಿಂದ, 31ರ ರಾತ್ರಿಯ ವಿಷಯದಲ್ಲಿ ಸಂದೇಹಕ್ಕೆ ಆಸ್ಪದವೇ ಇರಲಿಲ್ಲ. ಪೂಜೆಗೆ ಕುಳಿತವನು ಸಂಕಲ್ಪದಲ್ಲಿ ಉಚ್ಚರಿಸಬೇಕಾದುದೂ ತಾನಿರುವ ದೇಶಕಾಲಗಳನ್ನೇ. ಜಂಬೂದ್ವೀಪ, ಭರತವರ್ಷವೆಂದು ನಾವು ಹೇಳುವ ಸ್ಥಾನದಲ್ಲಿ ಅಮೆರಿಕದ ಅನೇಕ ಪುರೋಹಿತರು ಕ್ರೌಂಚದ್ವೀಪವೆಂದು ಹೇಳುತ್ತಾರೆ. ನೀನು ಎಲ್ಲಿರುವೆ ಎಂದು ಶಾಸ್ತ್ರವೇ ಮೊದಲು ಕೇಳುತ್ತಿರುವಾಗ, ಇಲ್ಲದ ಊರಿನಲ್ಲಿ ಇದ್ದಂತೆ ನಡೆದುಕೊಳ್ಳಬೇಕಾದ ಅಗತ್ಯವೇನು?

ನೆಲ ಬದಲಾದರೂ ಹಬ್ಬ ಬಾಳಬಲ್ಲುದೆಂಬುದನ್ನು ನಮಗಿಂತ ಬಹು ಹಿಂದೆ, ನಮಗಿಂತ ಬಹು ಕಷ್ಟದಲ್ಲಿ ಸಿದ್ಧಪಡಿಸಿದವರಿದ್ದಾರೆ. 1845ರ ಮೇ 30ರಂದು ಫಟೆಲ್ ರಜಾಕ್ ಎಂಬ ಹಡಗು ಕಬ್ಬಿನ ತೋಟಗಳ ದುಡಿಮೆಗೆ ಕರಾರು ಮಾಡಿಕೊಂಡ ಭಾರತೀಯರನ್ನು ಮೊದಲ ಬಾರಿ ಟ್ರಿನಿಡಾಡ್ ದ್ವೀಪದಲ್ಲಿ ಇಳಿಸಿತು. ಊರಿನಿಂದ ಸಾಮಗ್ರಿ ತರಿಸುವ ಅನುಕೂಲವಾಗಲಿ, ಬಯಸಿದಾಗ ಹಿಂತಿರುಗುವ ಸಾಧ್ಯತೆಯಾಗಲಿ ಅವರಿಗಿರಲಿಲ್ಲ. ಅಲ್ಲಿಯ ಮಣ್ಣಿನಿಂದ ಹಣತೆ ಮಾಡಿ, ಅಲ್ಲಿಯ ಬಿದಿರನ್ನು ಸೀಳಿ ಬಗ್ಗಿಸಿ ಕಮಾನುಗಳನ್ನು ಕಟ್ಟಿ, ಅವುಗಳ ಮೇಲೆ ದೀಪಗಳನ್ನು ಸಾಲಿಡುವ ಪದ್ಧತಿಯನ್ನು ಅವರ ಸಂತತಿಯವರು ಬೆಳೆಸಿದರು. ಪೂರ್ವಿಕರಾಡುತ್ತಿದ್ದ ಭೋಜಪುರಿ ಬಹುಮಟ್ಟಿಗೆ ಮನೆಮಾತಾಗಿ ಉಳಿಯದಿದ್ದರೂ ದೀಪಾವಳಿ ಉಳಿಯಿತು; 1966ರಿಂದ ಅದು ಆ ದೇಶದ ಸಾರ್ವಜನಿಕ ರಜೆಯ ದಿನವೂ ಆಗಿದೆ.

ಕನ್ನಡದ ಮನೆಗಳಲ್ಲಿಯೂ ಇದಕ್ಕೆ ದಾರಿ ಇದೆ. ಮೆಲ್ಬರ್ನಿನಲ್ಲಿ ಯುಗಾದಿ ಬರುವುದು ಎಲೆ ಹಣ್ಣಾಗಿ ಉದುರತೊಡಗುವ ಶರತ್ಕಾಲದಲ್ಲಿ. ಇದು ಚಿಗುರಿನ ಹಬ್ಬವೆಂದು ಹೇಳಿಕೊಟ್ಟರೆ, ಕಿಟಕಿಯಾಚೆ ನೋಡಿದ ಮಗುವಿಗೆ ಅದು ಸುಳ್ಳೆನಿಸೀತು. ಅಜ್ಜಿಯ ಅಂಗಳದಲ್ಲಿ ಬೇವು ಹೂಬಿಟ್ಟಿರುವ ಹೊತ್ತಿನಲ್ಲಿಯೇ ಇಲ್ಲಿ ಎಲೆ ಉದುರುತ್ತಿದೆ, ಚಿಗುರುವುದೂ ಉದುರುವುದೂ ಒಂದೇ ಭೂಮಿಯ ಮೇಲೆ ಏಕಕಾಲದಲ್ಲಿ ನಡೆಯುತ್ತವೆ ಎಂದು ತಿಳಿಯಹೇಳಿದರೆ, ಬೇವುಬೆಲ್ಲದ ಅರ್ಥ ಆ ಮಗುವಿಗೆ ನಮಗಿಂತ ಚೆನ್ನಾಗಿ ಹೊಳೆದೀತು. ಒಣಗಿಸಿ ತಂದ ಬೇವಿನ ಹೂವಿಲ್ಲದಿದ್ದರೆ ಅಲ್ಲಿಯ ಸಂತೆಯ ಯಾವುದಾದರೂ ಕಹಿಸೊಪ್ಪಿನ ಚೂರು ಸಾಕು. ಹಿತ್ತಿಲಿನ ಮಣ್ಣಿನಿಂದ ಮಕ್ಕಳೇ ಗಣಪನನ್ನು ಮಾಡಿ, ಬಕೆಟ್ಟಿನ ನೀರಿನಲ್ಲಿ ವಿಸರ್ಜಿಸಿ, ಆ ನೀರನ್ನು ಗಿಡಗಳಿಗೆ ಎರೆಯುವ ಮನೆಗಳು ಈಗಾಗಲೇ ಇವೆ. ದಸರೆಯ ಗೊಂಬೆಯ ಮೆಟ್ಟಿಲುಗಳ ಮೇಲ್ತುದಿಯಲ್ಲಿ ತವರಿನಿಂದ ಮದುವೆಯಲ್ಲಿ ಬಂದ ಪಟ್ಟದ ಗೊಂಬೆಗಳು ಕುಳಿತಿರಲಿ. ಕೆಳಗಿನ ಮೆಟ್ಟಿಲಿನಲ್ಲಿ ಹಿಮ ಬಿದ್ದ ಬೀದಿಯನ್ನೂ ಶಾಲೆಯ ಹಳದಿ ಬಸ್ಸನ್ನೂ ಮಕ್ಕಳು ಕಟ್ಟಲಿ. ತಾವು ಕಂಡ ಊರನ್ನೂ ಸಂತೆಯನ್ನೂ ಹೊಲವನ್ನೂ ಗೊಂಬೆಗಳಲ್ಲಿ ಹೂಡಿದವರೇ ನಮ್ಮ ಹಿರಿಯರು.

ಇನ್ನು ಶನಿವಾರದ ಪ್ರಶ್ನೆ. ಕನ್ನಡ ಕೂಟದವರು ಯಾವುದಾದರೂ ಶಾಲೆಯ ಸಭಾಂಗಣವನ್ನು ಬಾಡಿಗೆಗೆ ಹಿಡಿದು, ಹಬ್ಬದ ಸಮೀಪದ ವಾರಾಂತ್ಯದಲ್ಲಿ ಹಾಡು, ನೃತ್ಯ, ನಾಟಕ, ಊಟಗಳನ್ನು ಏರ್ಪಡಿಸುವುದು ದೊಡ್ಡ ಸೇವೆ. ಒಂಟಿಯಾಗಿ ಬಂದವರಿಗೆ ಅದು ಬಂಧುಬಳಗವನ್ನೇ ದೊರಕಿಸಿಕೊಡುತ್ತದೆ. ಆದರೆ ಅಲ್ಲಿ ಮಗು ಪ್ರೇಕ್ಷಕ, ಇಲ್ಲವೇ ವೇದಿಕೆಯ ಮೇಲೆ ಐದು ನಿಮಿಷದ ಪಾತ್ರಧಾರಿ. ಹಬ್ಬವನ್ನು ಮಾಡುವವನಾಗುವುದು ಮನೆಯಲ್ಲಿ ಮಾತ್ರ. ಆದುದರಿಂದ ತಿಥಿಯ ದಿನ, ಅದು ಕೆಲಸದ ಮಂಗಳವಾರವೇ ಆಗಿದ್ದರೂ, ಮನೆಯಲ್ಲಿ ಒಂದು ದೀಪವನ್ನಾದರೂ ಹಚ್ಚಬೇಕು.

ಈ ಮಾತನ್ನು ಹೇಳುವಾಗ ಅದರ ಭಾರವನ್ನು ಹೊರುವವರಾರೆಂಬುದನ್ನು ಮರೆಯಲಾಗದು. ಊರಿನಲ್ಲಿ ಹೋಳಿಗೆಯೆಂದರೆ ಬೇಳೆ ಬೇಯಿಸುವವರೊಬ್ಬರು, ಹೂರಣ ರುಬ್ಬುವವರೊಬ್ಬರು, ತಟ್ಟುವವರೊಬ್ಬರು, ಬೇಯಿಸುವವರೊಬ್ಬರು. ಪರದೇಶದಲ್ಲಿ ಅತ್ತೆಯಿಲ್ಲ, ಓರಗಿತ್ತಿಯಿಲ್ಲ, ಕೆಲಸದವರಿಲ್ಲ. ಹಗಲೆಲ್ಲ ಕಚೇರಿಯಲ್ಲಿ ದುಡಿದು ಬಂದ ಒಬ್ಬ ಹೆಣ್ಣುಮಗಳು ನಡುರಾತ್ರಿಯವರೆಗೆ ಒಲೆಯ ಮುಂದೆ ನಿಂತು ಹತ್ತು ಬಗೆಯ ಅಡಿಗೆಯನ್ನು ಮಾಡಿ, ಅದು ಅತ್ತೆಯ ಕೈಯ ಅಡಿಗೆಯಂತಾಗಲಿಲ್ಲವೆಂಬ ಮಾತನ್ನೂ ಕೇಳಬೇಕಾದರೆ ಅದು ಹಬ್ಬವಲ್ಲ, ದಂಡನೆ. ಗಂಡ ಹೂರಣ ರುಬ್ಬಲಿ, ಮಕ್ಕಳು ಕಣಕದ ಉಂಡೆ ಕಟ್ಟಲಿ. ಕೈ ಸಾಲದಿದ್ದರೆ ಪಾಯಸವೊಂದೇ ಇರಲಿ. ಕೂಡಿ ಮಾಡಿದ ಅಲ್ಪವು ಒಬ್ಬಳೇ ಬಸವಳಿದು ಮಾಡಿದ ಬಹಳಕ್ಕಿಂತ ಶ್ರೇಷ್ಠವಾದುದು.

ಬಾಗಿಲನ್ನೂ ತೆರೆದಿಡೋಣ. ನಾನು ಮೇಲೆ ಹೇಳಿದ ಆ ಅಕ್ಟೋಬರ್ 31, ನೆರೆಯ ಮಕ್ಕಳು ವೇಷ ತೊಟ್ಟು ಮಿಠಾಯಿ ಬೇಡಿ ಮನೆಮನೆಗೆ ಬರುವ ಹ್ಯಾಲೋವೀನ್ ರಾತ್ರಿಯೂ ಆಗಿತ್ತು. ಹೊಸಿಲಲ್ಲಿ ಹಣತೆ ಹಚ್ಚಿಟ್ಟ ಮನೆಗೆ, ಕರೆಯದೆಯೇ ಅತಿಥಿಗಳು ಬರುವ ಅಂತಹ ರಾತ್ರಿಗಿಂತ ಉತ್ತಮವಾದ ಅವಕಾಶ ಬೇರೊಂದಿಲ್ಲ. ಅತ್ತ ರಾಜ್ಯಗಳೂ ಕೈಚಾಚುತ್ತಿವೆ: ನ್ಯೂಯಾರ್ಕ್ ರಾಜ್ಯ 2023ರಲ್ಲಿ ಮಾಡಿದ ಕಾನೂನಿನಿಂದ ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಿಗೆ ದೀಪಾವಳಿಯ ರಜೆ ದೊರೆತಿದೆ. ಆದರೆ ರಜೆಯನ್ನು ಕೊಡುವುದಷ್ಟೇ ಕಾನೂನಿಗೆ ಸಾಧ್ಯ. ಆ ದಿನವನ್ನು ತುಂಬತಕ್ಕವರು ಮನೆಯವರು.

ಇಲ್ಲಿರುವ ನಮಗೂ ಒಂದು ಕರ್ತವ್ಯವುಂಟು. ಹಬ್ಬದ ದಿನ ಫೋನಿನಲ್ಲಿ ಮಕ್ಕಳನ್ನು ಕಂಡಾಗ, ಅಲ್ಲಿ ಏನೇನು ಸಿಕ್ಕಲಿಲ್ಲವೆಂದು ವಿಚಾರಿಸುವ ಬದಲು, ಅಲ್ಲಿ ಏನೇನು ಮಾಡಿದಿರೆಂದು ಕೇಳೋಣ. ಮೊಮ್ಮಗು ತೋರಿಸಿದ ವಕ್ರ ಸೊಂಡಿಲಿನ ಗಣಪನನ್ನು ಮನಸಾರೆ ಮೆಚ್ಚೋಣ. ಹಬ್ಬವನ್ನು ನಮ್ಮ ನೆನಪಿನ ಅಳತೆಗೆ ಹಿಡಿದು ನೋಡುವ ಹಕ್ಕನ್ನು ನಾವು ಬಿಟ್ಟುಕೊಟ್ಟರೆ ಮಾತ್ರ, ಆ ಮಗು ಬೆಳೆದು ತನ್ನ ಮನೆಯಲ್ಲಿ ಅದನ್ನು ತನ್ನದೆಂಬ ಅಭಿಮಾನದಿಂದ ಮಾಡೀತು.